ಚೈನಿನ ಎರಡು ತುದಿ

ಶ್ವಾನ ಪ್ರದರ್ಶನದ ಕಣದಲ್ಲಿ ಕುಂಬಳ ಎಂಬ ಬುಲ್‌ಡಾಗ್ ನಿಂತಿತ್ತು. ಚೈನಿನ ಒಂದು ತುದಿ ಅದರ ಕೊರಳಲ್ಲಿ, ಇನ್ನೊಂದು ಯಜಮಾನ ಬೋಪಯ್ಯನ ಕೈಯಲ್ಲಿ. 'ಸಿಟ್' ಎಂದ ಕೂಡಲೇ ಕೂರುವ ನಾಯಿಗೆ ಅಂದು ಬೆಳ್ಳಿ ಕಪ್ ಇತ್ತು.

ತೀರ್ಪುಗಾರರು ಎದುರಿಗೆ ಬಂದರು. ಬೋಪಯ್ಯನ ಎದೆ ಡವಡವ ಎಂದಿತು. ಬಾಯಿ "ಸಿಟ್!" ಎಂದು ಕೂಗಿತು; ಅದೇ ಗಳಿಗೆಯಲ್ಲಿ ನಡುಗುವ ಕೈ ಚೈನನ್ನು ಮುಂದಕ್ಕೆ ಜಗ್ಗಿತು. ಅರ್ಧ ಕೂತಿದ್ದ ಕುಂಬಳ ಮುಗ್ಗರಿಸಿತು. ಇನ್ನೊಮ್ಮೆ "ಸಿಟ್!", ಇನ್ನೊಮ್ಮೆ ಜಗ್ಗು.

"ಕ್ಷಮಿಸಿ ಸಾರ್, ಎಷ್ಟು ಕಲಿಸಿದರೂ ಈ ಮುಂಡೇದಕ್ಕೆ ತಲೆಗೆ ಹತ್ತಲ್ಲ," ಎಂದ ಬೋಪಯ್ಯ.

'ನಾಯಿಗೆ ತರಬೇತಿ ಸಾಲದು' ಎಂದು ಬರೆದುಕೊಂಡು ತೀರ್ಪುಗಾರರು ಮುಂದೆ ಹೋದರು.

ಕುಂಬಳ ಬುಸುಗುಟ್ಟಿತು. "ನೋಡಿದೆಯಾ ಚೈನೇ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರೆ. ಇಲ್ಲಿ ಎತ್ತೂ ಯಜಮಾನರೇ, ಕೋಣವೂ ಯಜಮಾನರೇ! ನಾನು ಬಾಯಿ ಹೇಳಿದ್ದನ್ನೂ ಕೇಳಿದೆ, ಕೈ ಹೇಳಿದ್ದನ್ನೂ ಕೇಳಿದೆ. ಅದಕ್ಕೇ ಮಾತು ಕೇಳದ ನಾಯಿ ಅನ್ನಿಸಿಕೊಂಡೆ."

"ನನಗೂ ಮೈಯೆಲ್ಲ ಉರಿಯುತ್ತಿದೆ," ಎಂದಿತು ಚೈನು. "ಎರಡೂ ತುದಿಯ ಸಂಗತಿ ಬಲ್ಲವನು ನಾನು. ನಡುಕ ಯಾವ ತುದಿಯಿಂದ ಬಂತು ಎಂದು ನನ್ನನ್ನು ಒಬ್ಬರಾದರೂ ಕೇಳಿದರೇ?"

ಯಾರೂ ಕೇಳಲಿಲ್ಲ. ಬೋಪಯ್ಯ ಮೈದಾನದ ಅಂಗಡಿಯಲ್ಲಿ ಇನ್ನೂ ದಪ್ಪನೆಯ ಚೈನು ಕೊಂಡ. ಹಳೆಯದನ್ನು ಕಸದ ಬುಟ್ಟಿಗೆ ಎಸೆದು, ಹೊಸದರ ತುದಿಯನ್ನು ಅದೇ ನಡುಗುವ ಕೈಯಲ್ಲಿ ಹಿಡಿದ.