ರೆಬೆಕ್ಕವ್ವ ತನ್ನ ಮನೆಯವರನ್ನು ಹೆಸರು ಹಿಡಿದು ಕರೆದ ಕಥೆ

ದೀಪ ಹಚ್ಚಿ, ಮಕ್ಕಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಮನೆಯ ಒಡಂಬಡಿಕೆಯ ಪ್ರಾರ್ಥನೆಗೆ ಮುನ್ನ ಈ ಕಥೆಯನ್ನು ಕೇಳತಕ್ಕದ್ದು.

ಪೂರ್ವದಲ್ಲಿ ಒಂದು ಪಟ್ಟಣದ ಕ್ರೈಸ್ತರ ಓಣಿಯಲ್ಲಿ ಯೆಹೆಜ್ಕೇಲಪ್ಪನೆಂಬ ನೇಕಾರನಿದ್ದನು. ಅವನು ನೇಯ್ದ ಸೀರೆ ಎಷ್ಟು ನಯವೆಂದರೆ, ಉಟ್ಟವರು ಉಟ್ಟದ್ದನ್ನೇ ಮರೆತು ಮೇಲೊಂದು ಉಡುತ್ತಿದ್ದರು. ನಂಬದವರು ಎದ್ದು ಹೋಗಬಹುದು, ಕಥೆ ನಿಲ್ಲುವುದಿಲ್ಲ. ಅವನ ಹೆಂಡತಿ ರೆಬೆಕ್ಕವ್ವ. ಮದುವೆಯ ದಿನ ಸಭೆಯ ಅಯ್ಯನವರು ಅವಳ ತಲೆಯ ಮೇಲೆ ಕೈಯಿಟ್ಟು, “ಕರ್ತನನ್ನು ನಂಬವ್ವಾ, ರಕ್ಷಣೆ ನಿನಗೂ ಉಂಟು, ನಿನ್ನ ಮನೆಯವರಿಗೂ ಉಂಟು, ಇದು ದೇವರು ಕೊಟ್ಟ ಮಾತು” ಎನ್ನಲು, ಅವಳು ‘ನಿನ್ನ ಮನೆಯವರು’ ಎಂಬ ಮಾತಿಗೆ ನಾಚಿ, ಓರೆಗಣ್ಣಿನಿಂದ ಗಂಡನನ್ನು ನೋಡಿದಳು. ಹೆಂಡತಿಯಾದವಳ ಬಾಯಲ್ಲಿ ಮನೆಯವರು ಅಂದರೆ ಇನ್ಯಾರು? ಅಂದಿನಿಂದ ಪ್ರತಿ ಸಂಜೆ ದೀಪದ ಮುಂದೆ ಮೊಣಕಾಲೂರಿ, “ನನ್ನನ್ನೂ ನಮ್ಮ ಮನೆಯವರನ್ನೂ ಕಾಯಪ್ಪಾ” ಎಂದು ಗಂಡನೊಬ್ಬನನ್ನೇ ನೆನೆದು ಬೇಡುತ್ತಿದ್ದಳು. ಅವನು ನೆಟ್ಟಗಿದ್ದರೆ ಮಿಕ್ಕದ್ದೆಲ್ಲ ನೆಟ್ಟಗೆ ಎಂದುಕೊಂಡಳು. ಆ ಪ್ರಾರ್ಥನೆಯಿಂದ ಯೆಹೆಜ್ಕೇಲಪ್ಪನೋ ದುಂಡುದುಂಡಗೆ ಬೆಳೆದನು; ಅವನು ಆಲಿಕಲ್ಲಿನ ಮಳೆಯಲ್ಲಿ ನಡೆದರೆ ಕಲ್ಲುಗಳೇ ಅವನನ್ನು ತಪ್ಪಿಸಿ ಬೀಳುತ್ತಿದ್ದವು.

ಅತ್ತೆ ಹನ್ನವ್ವನೋ, ಸಾರಿಗೆ ಎರಡು ಸಲ ಉಪ್ಪು ಬಿದ್ದ ಒಂದು ಜಗಳದಿಂದ ಹಿತ್ತಲ ಕೋಣೆ ಸೇರಿ, ಅಲ್ಲಿಯೇ ಉಂಡು, ಅಲ್ಲಿಯೇ ಪ್ರಾರ್ಥಿಸಿಕೊಂಡಿದ್ದಳು.

ಹೀಗಿರಲು ಅವರ ಒಬ್ಬಳೇ ಮಗಳು, ಏಳು ವರುಷದ ಸಲೋಮಿಗೆ ಜ್ವರ ಬಂತು. ಒಂದು ದಿನಕ್ಕೆ ಇಳಿಯಲಿಲ್ಲ, ಮೂರು ದಿನಕ್ಕೂ ಇಳಿಯಲಿಲ್ಲ. ಡಾಕ್ಟರರು ಬಂದು ಔಷಧ ಕೊಟ್ಟು, “ನಾಳೆ ಸಂಜೆಯವರೆಗೆ ನೋಡಬೇಕು” ಎಂದಷ್ಟೇ ಹೇಳಿ ಹೋದರು. ರೆಬೆಕ್ಕವ್ವ ಹಣೆಯ ಬಟ್ಟೆ ತೋಯಿಸುವಳು, ಅದು ಆರುವ ಮೊದಲೇ ಮತ್ತೆ ತೋಯಿಸುವಳು, ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವಳು, ಸಿಕ್ಕರೂ ತನ್ನ ಬೆರಳನ್ನೇ ನಂಬದೆ ಕಿವಿಯಿಟ್ಟು ಕೇಳುವಳು. ನಾಲ್ಕನೆಯ ದಿನದ ಸಂಜೆ ಅವಳು ಮದುವೆಯ ದಿನ ಅಯ್ಯನವರು ಹೇಳಿದ ದೇವರ ಮಾತನ್ನು ನೆನೆದಳು. ಮಾತು ನನಗುಂಟು, ಮನೆಯವರಿಗುಂಟು. ಅದರಲ್ಲಿ ಕೂಸಿನ ಹೆಸರು ಎಲ್ಲಿದೆ?

ದಿಕ್ಕುಗಾಣದೆ ಅವಳು, “ಕರ್ತನೇ, ನಮ್ಮ ಮನೆಯವರ ಪಾಲನ್ನು ತೆಗೆದು ಕೂಸಿಗೆ ಕೊಡು” ಎಂದು ಗಟ್ಟಿಯಾಗಿ ಕೂಗಿದಳು. ಮಗ್ಗದಲ್ಲಿ ಕೂತಿದ್ದ ಯೆಹೆಜ್ಕೇಲಪ್ಪ ಗಾಬರಿಯಿಂದ, “ಏ, ನನಗೂ ಒಂದೀಟು ಇರ್ಲಿ…” ಎಂದು ಎದ್ದು ಬಂದು, ಮಗಳ ಮುಖ ನೋಡಿ, “ಬ್ಯಾಡ, ಎಲ್ಲಾ ಕೊಟ್ಟುಬಿಡ್ಲಿ” ಎಂದು ಅತ್ತನು.

ಆ ಅಳು ಕೇಳಿ ಹನ್ನವ್ವ ಹಿತ್ತಲಿಂದ ಬಂದು, ಹೊಸ್ತಿಲ ಆಚೆಯೇ ನಿಂತು, ಸಂಗತಿ ತಿಳಿದು ಹಣೆ ಬಡಿದುಕೊಂಡಳು.

“ಅಯ್ಯ ಹುಚ್ಚೀ! ಮನ್ಯಾವ್ರು ಅಂದ್ರ ನನ್ನ ಮಗಾ ಒಬ್ಬನ ಅಂತ ದೇವರಿಗೆ ಕಲಿಸಾಕಿ ಏನು ನೀ? ಪ್ರಳಯ ಬಂದಾಗ ದೇವರು ಕಟ್ಟಿಸಿದ ಹಡಗಿನ್ಯಾಗ ಗಂಡ ಹೆಂಡತಿ ಇಬ್ರ ಹತ್ತಿದ್ರೇನು? ಮಕ್ಕಳು ಹತ್ತಿದ್ರು, ಸೊಸ್ತೇರು ಹತ್ತಿದ್ರು. ಒಬ್ಬಾಕಿ ಅತ್ತಿ, ಮೂರು ಮಂದಿ ಸೊಸ್ತೇರು, ಅಷ್ಟು ದಿವ್ಸ ಒಂದ ಹಡಗಿನ್ಯಾಗ! ಯಾರೂ ಯಾರನ್ನೂ ನೀರಿಗೆ ದೂಡ್ಲಿಲ್ಲ ನೋಡು, ಅದ ದೊಡ್ಡ ಪವಾಡ.”

ರೆಬೆಕ್ಕವ್ವನಿಗೆ ನಗು ಬರಲಿಲ್ಲ. “ಅತ್ತೀ, ಇಷ್ಟು ವರ್ಷ ಕೂಸಿನ ಹೆಸರ ಎತ್ತಲಿಲ್ಲ ನಾ. ಈಗ ಬೇಡಿದ್ರ ಹೊತ್ತು ಮೀರಿಲ್ಲೇನ್ರೀ?”

“ನೀ ಬೇಡೂದು ಇವತ್ತು. ಆಂವಾ ಮಾತು ಕೊಟ್ಟದ್ದು ನೀ ಹುಟ್ಟೂಕಿಂತ ಮೊದಲ. ನೀ ಮರ್ತರ ಆಂವಾ ಮರೀತಾನೇನು?”

ಅದನ್ನು ಕೇಳಿ ರೆಬೆಕ್ಕವ್ವ ಎದ್ದು, ಹೊಸ್ತಿಲ ಆಚೆಗಿದ್ದ ಅತ್ತೆಯ ಕೈ ಹಿಡಿದು ಒಳಗೆ ಕರೆತಂದು, ಕೂಸಿನ ತಲೆದೆಸೆಯಲ್ಲಿ ಕೂರಿಸಿ, ದೀಪ ಹಚ್ಚಿ, ಮೂವರ ಕೈಯನ್ನೂ ಕೂಸಿನ ಮೇಲಿಡಿಸಿ, “ಕರ್ತನೇ, ನಮ್ಮ ಮನೆಯವರು ಇವರು: ಸಲೋಮಿ, ನಮ್ಮ ಅತ್ತೆ ಹನ್ನವ್ವ, ಯೆಹೆಜ್ಕೇಲಪ್ಪ” ಎಂದು, ಎಂದೂ ಬಾಯಲ್ಲಿ ಎತ್ತದ ಗಂಡನ ಹೆಸರನ್ನೂ ಹೇಳಿಬಿಟ್ಟಳು. ಆಮೇಲೆ ಯಾರೂ ಕೈ ತೆಗೆಯಲಿಲ್ಲ. ಬತ್ತಿ ಒಂದು ಬೆರಳಿನಷ್ಟು ಉರಿಯುವಷ್ಟರಲ್ಲಿ ಕೂಸಿನ ಕತ್ತು ಬೆವೆತು, ಜ್ವರ ಇಳಿದು, ಅದು ಕಣ್ಣು ತೆರೆದು, “ಎಲ್ಲಾರೂ ನನ್ನ ಮ್ಯಾಲ ಯಾಕ ಬಿದ್ದೀರಿ?” ಎಂದು ಗದರಿತು.

ಅಂದಿನಿಂದ ಆ ಮನೆಯಲ್ಲಿ ಒಬ್ಬರನ್ನೂ ಬಿಡದೆ ಹೆಸರು ಹಿಡಿದು ಪ್ರಾರ್ಥಿಸುವುದು ನೇಮವಾಗಿ, ಅವರು ಮಗಳು ಮೊಮ್ಮಕ್ಕಳೊಡನೆ ಬಾಳಿದರು. ಈ ಕಥೆಯನ್ನು ಹೇಳಿದವರಿಗೂ, ಕೇಳಿದವರಿಗೂ, ನಡುವೆ ತೂಕಡಿಸಿದವರಿಗೂ, ಮುನಿಸಿಕೊಂಡು ದೂರ ಕೂತವರಿಗೂ ಅದೇ ಫಲ ದೊರೆಯಲಿ. ಈಗ ಒಬ್ಬೊಬ್ಬರಾಗಿ ನಿಮ್ಮ ಮನೆಯವರ ಹೆಸರು ಹೇಳಿರಿ. ಯಾರ ಹೆಸರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೋ, ಅದನ್ನೇ ಮೊದಲು ಹೇಳಿರಿ. ಆಮೆನ್.