ಮೇಷ್ಟ್ರು ಸಾವಿನ ಮನೆಗೆ ಹೋದದ್ದು

“ಗುರುಗಳೇ, ಸಾವಿನ ಮನೆಗೆ ಹೋದರೆ ಏನು ಮಾತಾಡಬೇಕು?” ಎಂದು ಶಾಂತಮಲ್ಲ ಕೇಳಿದ.

ಅವನ ಜೊತೆ ಓದಿದ ಗುರುಪಾದನ ತಮ್ಮ ತೀರಿಕೊಂಡಿದ್ದ. ಊರಿನವರೆಲ್ಲ ಹೋಗಿ ಕಂಡು ಬಂದಿದ್ದರು. ಶಾಂತಮಲ್ಲ ಮಾತ್ರ ಹೋಗಿರಲಿಲ್ಲ. ಮಠದಲ್ಲಿ ಒಳ್ಳೆಯ ಮಾತುಗಾರನೆಂದು ಹೆಸರಾದವನು ಬರಿಬಾಯಲ್ಲಿ ಹೋಗುವುದು ಹೇಗೆ? ತಕ್ಕ ಮಾತು ಹೊಳೆದ ಮೇಲೆ ಹೋಗೋಣ ಎಂದುಕೊಂಡಿದ್ದ. ಹೊಳೆಯುವುದು ತಡವಾಯಿತು. ತಡವಾದಷ್ಟೂ ಮಾತು ಇನ್ನಷ್ಟು ಒಳ್ಳೆಯದಾಗಿರಬೇಕಾಯಿತು. ಗುರುಪಾದನ ಮನೆ ಮಠದ ಬೀದಿಯಲ್ಲೇ ಇತ್ತು. ಹೀಗಾಗಿ ಶಾಂತಮಲ್ಲ ಈಚೆಗೆ ಹಿಂದಿನ ಓಣಿಯಿಂದ ಮಠಕ್ಕೆ ಬರುತ್ತಿದ್ದ.

ಗುರುಗಳು ಅವನಿಗೆ ಕೂರಲು ಹೇಳಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದರು. ಅವರು ಪಾಠ ಹೇಳುವ ಕ್ರಮವೇ ಬೇರೆ. ಒಂದೇ ಅಕ್ಷರಗಳ ಗುಂಪು ಯಾವ ಯಾವ ಶಬ್ದಗಳಲ್ಲಿ ಇದೆಯೋ ಅವೆಲ್ಲ ಒಂದೇ ಮನೆಯ ಮಕ್ಕಳು ಎನ್ನುತ್ತಿದ್ದರು. ಒಂದು ಪಾಠಕ್ಕೆ ಒಂದು ಮನೆ. ಶಬ್ದಗಳನ್ನು ಹಲಗೆಯ ಮೇಲೆ ಸಾಲಾಗಿ ಬರೆದು, ಒಂದೊಂದಕ್ಕೂ ಅರ್ಥ ಹೇಳುತ್ತಿದ್ದರು. ‘ಪಥಿ’ ಮನೆಯ ಪಾಠ ಹೀಗಿತ್ತು:

“ಸಿಂಪಥಿ ಎಂದರೆ, ನೀರಿಗೆ ಬಿದ್ದವನನ್ನು ಕಂಡು ದಡದಲ್ಲಿ ನಿಂತು ಅಯ್ಯೋ ಎನ್ನುವುದು. ಎಂಪಥಿ ಎಂದರೆ, ತಾನೇ ಬಿದ್ದಂತೆ ಅಯ್ಯೋ ಎನ್ನುವುದು. ಅಪಥಿ ಎಂದರೆ, ನೀರಿನ ಕಡೆ ತಿರುಗಿಯೂ ನೋಡದಿರುವುದು. ಆಂಟಿಪಥಿ ಎಂದರೆ, ಬಿದ್ದವನ ಮುಖ ಕಂಡರೇ ಆಗದಿರುವುದು. ಟೆಲಿಪಥಿ ಎಂದರೆ, ಅವನು ಕೂಗುವ ಮೊದಲೇ ಕೇಳಿಸುವುದು.”

ಹೋಮಿಯೋಪಥಿಯೂ ಅದೇ ಮನೆಯದು. ಅದರ ಅರ್ಥ ಮಕ್ಕಳಿಗೆ ಮೊದಲೇ ಗೊತ್ತಿತ್ತು: ಸಿಹಿ ಗುಳಿಗೆ.

ಮಕ್ಕಳು ಒಕ್ಕೊರಲಿನಿಂದ ಒಪ್ಪಿಸುವುದನ್ನು ಕೇಳಲು ದಾರಿಹೋಕರು ಕಿಟಕಿಯ ಬಳಿ ನಿಲ್ಲುತ್ತಿದ್ದರು. ಮೇಷ್ಟ್ರಿಗೆ ಅದು ಗೊತ್ತಿತ್ತು. ದನಿಯನ್ನು ಸ್ವಲ್ಪ ಏರಿಸುತ್ತಿದ್ದರು.

ಶಾಲೆಯ ಎದುರಿಗೆ ಒಬ್ಬ ದರ್ಜಿಯ ಅಂಗಡಿ, ಅದರ ಹಿಂದೆಯೇ ಅವನ ಮನೆ. ಮೇಷ್ಟ್ರಿಗೆ ಆ ಊರಿನಲ್ಲಿ ಇದ್ದ ಗೆಳೆಯ ಅವನೊಬ್ಬನೇ. ಸಂಜೆ ಅವನ ಬೆಂಚಿನ ಮೇಲೆ ಕೂರದಿದ್ದರೆ ಅವರಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಅವರ ಅಂಗಿಗಳನ್ನೂ ಅವನೇ ಹೊಲಿಯುತ್ತಿದ್ದ. ಸೀಮೆಸುಣ್ಣ ಇಟ್ಟು ಇಟ್ಟು ಅವರ ಜೇಬು ತೂತಾಗುವುದನ್ನು ನೋಡಿದ ಅವನು, ಯಾರೂ ಹೇಳದೆಯೇ ಜೇಬಿನೊಳಗೆ ದಪ್ಪ ಬಟ್ಟೆಯ ಇನ್ನೊಂದು ಪದರ ಕೊಟ್ಟು ಹೊಲಿದಿದ್ದ. ಮೇಷ್ಟ್ರು ಅದನ್ನು ಗಮನಿಸಿರಲಿಲ್ಲ. ಜೇಬು ಹರಿಯುವುದು ನಿಂತಿತ್ತು, ಅಷ್ಟೆ.

ಆ ದರ್ಜಿಯ ಹೆಂಡತಿ ತೀರಿಕೊಂಡಳು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅನ್ನ, ಸಾರು ತಂದಿಟ್ಟರು. ಬಂದವರು ಜಗಲಿಯ ಮೇಲೆ ಕೂತರು, ಸ್ವಲ್ಪ ಹೊತ್ತಿನ ಮೇಲೆ ಎದ್ದು ನಡೆದರು. ಯಾರೂ ಹೇಳಿ ಹೋಗಲಿಲ್ಲ. ಅಂಥ ಮನೆಯಿಂದ ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನಬಾರದು. ಅಂಥದಕ್ಕೆ ಮತ್ತೆ ಬರುವಂತಾಗುವುದು ಯಾರಿಗೂ ಬೇಡ.

ಮೇಷ್ಟ್ರೂ ಬಂದರು. ಕೂರಲಿಲ್ಲ. ನಿಂತೇ ಮಾತಾಡಿ ಅವರಿಗೆ ಅಭ್ಯಾಸ.

“ನೋಡಪ್ಪ, ಇವರೆಲ್ಲ ನಿನಗೆ ತೋರಿಸ್ತಿರೋದು ಸಿಂಪಥಿ. ನಂದು ಹಾಗಲ್ಲ. ನಂದು ಎಂಪಥಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.”

ವ್ಯತ್ಯಾಸವನ್ನು ವಿವರಿಸಿದರು. ನೀರು ಬಂತು, ದಡ ಬಂತು. ಉದಾಹರಣೆ ಎಂದಿನಂತೆ ಚೆನ್ನಾಗಿತ್ತು. ಸಾರಿನ ಪಾತ್ರೆ ಹಿಡಿದು ಬಂದ ಒಬ್ಬ ಮುದುಕಿ, ಅವರು ಮುಗಿಸಲಿ ಎಂದು ಮೆಟ್ಟಿಲಲ್ಲೇ ಕಾದಳು.

ದರ್ಜಿ ಚಾಪೆಯ ಮೇಲೆ ಸರಿದು ಜಾಗ ಮಾಡಿದ. “ಕೂತ್ಕೊಳ್ಳಿ ಮೇಷ್ಟ್ರೆ.”

“ಇಲ್ಲಪ್ಪ, ಕ್ಲಾಸಿದೆ. ಹೋಗಿ ಬರ್ತೀನಿ.”

ಜಗಲಿಯ ಮೇಲಿದ್ದವರೆಲ್ಲ ತಲೆಯೆತ್ತಿದರು. ಮುದುಕಿ ಸುಮ್ಮನಿರಲಿಲ್ಲ.

“ಇನ್ಯಾರು ಹೋದಾಗ ಬರ್ತೀರಿ ಮೇಷ್ಟ್ರೆ? ಹೇಳಿ, ನಿಮಗೂ ಒಂದ್ ಲೋಟ ಸಾರು ತಂದಿರ್ತೀನಿ.”

“ಬಿಡವ್ವ,” ಎಂದ ದರ್ಜಿ. “ಅವರಿಗೆ ಇದೆಲ್ಲ ಇಂಗ್ಲಿಷಿನಲ್ಲಿ ಗೊತ್ತು.”

ಅವನ ದನಿಯಲ್ಲಿ ಕೊಂಕಿರಲಿಲ್ಲ. ಗೆಳೆಯನ ಮಾನ ಉಳಿಸಲೆಂದೇ ಹಾಗೆ ಹೇಳಿದ್ದ. ಮುದುಕಿಯ ಮಾತನ್ನು ಮೇಷ್ಟ್ರು ಬೀದಿ ದಾಟುವಷ್ಟರಲ್ಲಿ ಮರೆಯಬಹುದಿತ್ತು. ದರ್ಜಿಯ ಮಾತು ಅವರ ಜೊತೆಗೇ ಬೀದಿ ದಾಟಿತು.

ತರಗತಿಗೆ ಹೋಗಿ ಹಲಗೆಯ ಮುಂದೆ ನಿಂತರು. ಸೀಮೆಸುಣ್ಣಕ್ಕೆಂದು ಜೇಬಿಗೆ ಕೈ ಹಾಕಿದರು. ಬೆರಳಿಗೆ ಒಳಗಿನ ದಪ್ಪ ಬಟ್ಟೆ ತಾಗಿತು. ಅಂಚನ್ನು ಸವರಿದರು. ಎರಡು ಸಲ ಹೊಲಿಗೆ ಹಾಕಿತ್ತು. ಕೈ ಅಲ್ಲೇ ನಿಂತಿತು.

ಮೇಷ್ಟ್ರು ಹಳೆಯ ಪಾಠ ಕೇಳಲೆಂದು ನಿಂತಿದ್ದಾರೆಂದು ಮಕ್ಕಳು ತಿಳಿದರು. ಎದ್ದು ನಿಂತು ಎಲ್ಲ ಶಬ್ದಗಳನ್ನೂ ಅರ್ಥದ ಸಮೇತ ಒಪ್ಪಿಸಿದರು. ಒಂದೂ ತಪ್ಪಲಿಲ್ಲ. ಮೇಷ್ಟ್ರು ಹಲಗೆಯಿಂದ ಮುಖ ತಿರುಗಿಸಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಾಂತಮಲ್ಲನಿಗೆ ಮೇಷ್ಟ್ರ ಮೂರ್ಖತನ ಕಂಡು ನಗು ಬಂದಿತ್ತು. ಕತೆ ಮುಗಿಯುವ ಹೊತ್ತಿಗೆ ಆ ನಗುವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಆಮೇಲೆ ಮೇಷ್ಟ್ರು ಆ ಬೆಂಚಿಗೆ ಹೋಗಿ ಕೂತರೇ, ಗುರುಗಳೇ?”

“ಇಲ್ಲ. ದರ್ಜಿ ದಿನವೂ ಬೆಂಚು ಒರೆಸಿಡುತ್ತಿದ್ದ. ಮೇಷ್ಟ್ರಿಗೂ ಹೋಗಬೇಕೆಂದೇ ಇತ್ತು. ಹೋಗಿ ಏನು ಹೇಳಬೇಕೆಂದು ಮಾತ್ರ ಗೊತ್ತಾಗಲಿಲ್ಲ.”

ಶಾಂತಮಲ್ಲ ನೆಲ ನೋಡಿದ. ಗುರುಗಳು ಕೇಳಿದರು:

“ಇವತ್ತು ಮಠಕ್ಕೆ ಯಾವ ದಾರಿಯಿಂದ ಬಂದೆ?”