ಸೋಗೆಕೆರೆ ಸೈರನ್ನಿನ ಗವಿಯ

ಸೋಗೆಕೆರೆ ಅಂತ ಒಂದೂರು. ಆ ಊರಲ್ಲಿ ಮನೆಗಿಂತ ನಾರಿನ ಮೆದೆಗಳೇ ಜಾಸ್ತಿ. ತೆಂಗಿನ ಸಿಪ್ಪೆ ಬಡಿ, ನಾರು ಬಿಡಿಸು, ಒಣಗಿಸು, ಹಗ್ಗ ಹೊಸಿ. ಊರಿಗೂರೇ ಅದರಲ್ಲೇ ಬದುಕೋದು. ಅಲ್ಲಿ ದ್ಯಾವೀರಮ್ಮ ಅಂತ ಒಬ್ಬಳು ನಾರು ಬಡಿಯೋ ಹೆಂಗಸು. ಅವಳಿಗೆ ಗವಿಯ ಅಂತ ಒಬ್ಬನೇ ಮಗ. ಆಳು ಆರಡಿ. ಹೇಳಿದ ಮಾತನ್ನ ಹೇಳಿದ ಹಾಗೇ ಮಾಡೋನು. ಅದೇ ಕಷ್ಟ!

"ಹಾಲು ಉಕ್ಕುತ್ತೆ, ನೋಡ್ಕೊಳ್ಳಾ" ಅಂತ ಅವ್ವ ಹೇಳಿ ಹೋದರೆ, ಕುಕ್ಕರಗಾಲಲ್ಲಿ ಕೂತು ನೋಡೋನು. ಅವ್ವ ಬರೋ ಹೊತ್ತಿಗೆ ಒಲೆ ತುಂಬಾ ಹಾಲು.

"ಏನ್ಲಾ ಇದು!"

"ಪೂರ್ತಿ ನೋಡ್ದೆ ಕಣವ್ವಾ! ಏನ್ ಚೆಂದಾಗಿ ಉಕ್ತು ಅಂತೀಯಾ!"

ಅವ್ವ ಹಣೆ ಹಣೆ ಚಚ್ಚಿಕೊಂಡಳು. "ನಾನಿಲ್ಲದ ಕಾಲಕ್ಕೆ ಇವನ ಗತಿ ಏನಪ್ಪಾ ದೇವರೇ" ಅಂದಳು.

ಆ ಬೇಸಿಗೇಲಿ ಒಂದು ನಾರಿನ ಮೆದೆ ಹತ್ತಿಕೊಂಡು ನಾಲ್ಕು ಮನೆ ಸುಟ್ಟುಹೋದವು. ಪಂಚಾಯ್ತಿಯವರು ಎಚ್ಚೆತ್ತರು. ಆಫೀಸಿನ ಗೋಡೆಗೆ ತಗಡಿನ ಬಾಯಿಯ ದೊಡ್ಡ ಸೈರನ್ ಹಾಕಿಸಿದರು. ಪಕ್ಕದಲ್ಲಿ ಒಂದು ಬೋರ್ಡು. ಬೆಂಕಿ ಬಿದ್ದರೆ, ಕಳ್ಳ ಬಂದರೆ ಸೈರನ್ ಒತ್ತತಕ್ಕದ್ದು. ಸುಮ್ಮಸುಮ್ಮನೆ ಒತ್ತಿದರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ನೋಟೀಸು, ಮೂರನೇ ಸಲ ಕೆಲಸದಿಂದ ವಜಾ.

ಒತ್ತೋಕೆ ಒಬ್ಬ ಆಳು ಬೇಕಲ್ಲ? ದ್ಯಾವೀರಮ್ಮ ಸೆಕ್ರೆಟರಿ ಓಂಕಾರಮೂರ್ತಿಯ ಕಾಲಿಗೆ ಬಿದ್ದಳು. "ನನ್ನ ಮಗ ಇಸ್ಪೀಟು ಆಡಲ್ಲ, ಕುಡಿಯಲ್ಲ, ಕೂರ್ಸಿದ ಜಾಗ ಬಿಟ್ಟು ಏಳಲ್ಲ ಸ್ವಾಮೀ!" ಅಂದಳು. ಮಾತು ಸುಳ್ಳಲ್ಲ. ಕೆಲಸ ಸಿಕ್ತು.

"ಹೊಗೆ ಕಂಡ ತಕ್ಷಣ ಒತ್ತಬೇಕು, ತಿಳೀತಾ?" ಅಂದ ಸೆಕ್ರೆಟರಿ.

"ತಿಳೀತು ಸಾಮಿ!"

ಗವಿಯ ಸ್ಟೂಲ್ ಹಾಕ್ಕೊಂಡು ಕೂತ. ಬೆಳಿಗ್ಗೆ ಕಾಣಲಿಲ್ಲ, ಮಧ್ಯಾಹ್ನ ಕಾಣಲಿಲ್ಲ, ಸಂಜೆ ಕಾಣಿಸ್ತು! ಅರಳೀಕಟ್ಟೆ ಮೇಲೆ ಸಿದ್ರಾಮಜ್ಜ ಬೀಡಿ ಹಚ್ಚಿದ್ದ. ಒತ್ತಿದ ನೋಡಿ ಗವಿಯ, ಊಊಊ ಅಂತ ಊರೇ ನಡುಗಿಹೋಯ್ತು! ಜನ ಬಿಂದಿಗೆ ಹಿಡಿದು ಓಡಿ ಬಂದರು. ಸೆಕ್ರೆಟರಿ ಫೋನಿಗೆ ತಾಲ್ಲೂಕಿಂದ ಬೆಂಕಿ ಆರಿಸೋ ಕೆಂಪು ಗಾಡಿ ಗಂಟೆ ಬಡ್ಕೊಂಡು ಬಂತು.

"ಎಲ್ಲಯ್ಯ ಬೆಂಕಿ?" ಅಂದರು ಗಾಡಿಯ ಆಫೀಸರು.

"ಹೊಗೆ ಅಜ್ಜನ ಮೂಗಲ್ಲಿ ಬಂತು ಸಾಮಿ. ಬೆಂಕಿ ಹೊಟ್ಟೇಲಿರಬೇಕು!"

ಅಷ್ಟರಲ್ಲಿ ಯಾರೋ ಅಜ್ಜನ ಮೇಲೆ ಬಿಂದಿಗೆ ಸುರಿದೇಬಿಟ್ಟಿದ್ದರು. ಅಜ್ಜ ಮೈಯೆಲ್ಲ ನೆಂದು ಬೈದ, ಜನ ಬೈದರು. ಸೆಕ್ರೆಟರಿ ಎಚ್ಚರಿಕೆ ಕೊಟ್ಟ. ಮನೇಲಿ ಅವ್ವ ಉಗಿದಳು. "ಬರೀ ಹೊಗೆ ಕಂಡ್ರೆ ಒತ್ತಬ್ಯಾಡ ಕಣ್ಲಾ! ಬೆಂಕಿ ಕಣ್ಣಾರೆ ಕಂಡ್ಮ್ಯಾಲೆ ಒತ್ತು!"

"ಆಗ್ಲಿ ಕಣವ್ವಾ!"

ಎರಡು ದಿನ ಬಿಟ್ಟು ಎದುರುಮನೆಗೆ ಹೊಸ ಸೊಸೆ ಬಂದಳು. ಮುತ್ತೈದೆಯರು ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಎತ್ತಿದರು. ಗವಿಯ ನೋಡಿದ. ಕಣ್ಣುಜ್ಜಿ ಇನ್ನೊಂದು ಸಲ ನೋಡಿದ. ಬೆಂಕೀನೇ! ಅದೂ ಹೆಣ್ಣಿನ ಮುಖದ ಹತ್ರ! ಒತ್ತೇ ಒತ್ತಿದ. ಓಡಿಬಂದ ಜನಕ್ಕೆ "ಅಲ್ಲಿ! ಅಲ್ಲಿ!" ಅಂತ ಕೈ ತೋರಿಸಿದ. ಹಿಂದೆ ಮುಂದೆ ನೋಡದೆ ಇಪ್ಪತ್ತು ಬಿಂದಿಗೆ ಸುರಿದರು. ಸೊಸೆಯ ರೇಷ್ಮೆ ಸೀರೆ ತೊಪ್ಪೆ, ಬೀಗರ ಪೇಟ ತೊಪ್ಪೆ, ಹೋಳಿಗೆ ತಟ್ಟೇಲಿ ಕೆರೆ!

ಸೆಕ್ರೆಟರಿ ನೋಟೀಸು ಬರೆದ. "ಒತ್ತೋಕ್ ಮುಂಚೆ ಅವರನ್ನೇ ಹೋಗಿ ಕೇಳೋ ಕತ್ತೆ! ಇದು ಬೇಕಾದ್ದೋ, ಬ್ಯಾಡದ್ದೋ ಅಂತ!"

"ಕೇಳ್ತೀನಿ ಸಾಮಿ!"

ಆಮೇಲೊಂದು ದಿನ, ಊರೆಲ್ಲ ಸಂತೆಗೆ ಹೋಗಿತ್ತು. ಯಾರೋ ಗುರುತಿಲ್ಲದವನು ಪಂಚಾಯ್ತಿ ಗೋಡೌನಿನ ಬೀಗ ಮುರೀತಿದ್ದ. ಗವಿಯ ನೋಡಿದ. ಒತ್ತಲಿಲ್ಲ. ನೆಟ್ಟಗೆ ಅವನ ಹತ್ರ ಹೋದ.

"ಅಣ್ಣೋ, ನೀನು ಬೇಕಾದೋನೋ, ಬ್ಯಾಡದೋನೋ?"

ಕಳ್ಳ ಮೊದಲು ಬೆವೆತ. ಆಮೇಲೆ ಗವಿಯನ ಮುಖ ನೋಡಿ ಸುಧಾರಿಸಿಕೊಂಡ. "ಬಾಳ ಬೇಕಾದೋನು ಕಣಪ್ಪಾ! ಒಂದ್ ಕೈ ಹಿಡಿ."

ಗವಿಯ ಕೈ ಹಿಡಿದ. ಮೂರು ಮೂಟೆ ಕೊಬ್ಬರಿ ಎತ್ತಿ ಕಳ್ಳನ ಗಾಡಿಗೆ ಹಾಕಿದ. "ನಿಧಾನಕ್ಕೆ ಹೋಗಣ್ಣಾ, ರಸ್ತೇಲಿ ಗುಂಡಿ ಐತೆ!" ಅಂತ ಹೇಳಿ ಕಳಿಸಿದ.

ಸೆಕ್ರೆಟರಿ ಕೂಗಾಡಿದ, ಹಾರಾಡಿದ, ಬೋರ್ಡಿನ ಮುಂದೆ ನಿಂತು ಮೂರು ಸಲ ಓದಿದ. ಒತ್ತಿದ ತಪ್ಪಿಗೆ ಕಾನೂನಿತ್ತು. ಒತ್ತದ ತಪ್ಪಿಗೆ ಕಾನೂನಿರಲಿಲ್ಲ! "ದ್ಯಾವೀರಮ್ಮಾ, ಇನ್ನೊಂದು ಸಲ ಸುಮ್ಮನೆ ಕೂಗಿಸಿದ್ರೆ ನಿನ್ನ ಮಗ ಮನೇಗೆ!" ಅಂದ.

ಆವತ್ತು ಅವ್ವ ಬೈಯಲಿಲ್ಲ. ಮಗನಿಗೆ ಮುದ್ದೆ ಬಡಿಸಿ, ತಾನು ಉಣ್ಣದೆ ಪಕ್ಕದಲ್ಲಿ ಕೂತಳು. ಕಣ್ಣಲ್ಲಿ ನೀರು. "ನೋಡ್ ಮಗಾ, ಇನ್ ಯಾರನ್ನೂ ಕೇಳಬ್ಯಾಡ. ಏನೇ ಆಗ್ಲಿ, ಮೊದಲು ನನ್ನ ಕರಿ. ನಾನ್ ಬಂದು ನೋಡಿ ಹೇಳಿದ ಮ್ಯಾಲೇ ಕೈ ಹಚ್ಚು."

"ಅಳಬ್ಯಾಡ ಕಣವ್ವಾ. ನಿನ್ನೇ ಕರೀತೀನಿ."

ಒಂದು ವಾರ ಏನೂ ಆಗಲಿಲ್ಲ. ಎಂಟನೇ ದಿನ ಮಟಮಟ ಮಧ್ಯಾಹ್ನ. ಎದುರು ಮೈದಾನದ ಕೊಟ್ಟಿಗೇಲಿ ದ್ಯಾವೀರಮ್ಮನೂ ಇನ್ನೂ ಹತ್ತು ಹೆಂಗಸರೂ ನಾರು ಬಡಿದು ದಣಿದು, ಉಂಡು, ಅಲ್ಲೇ ಅಡ್ಡಾಗಿದ್ದರು. ಕೊಟ್ಟಿಗೆ ಹಿಂದೆ ಆಳೆತ್ತರದ ನಾರಿನ ಮೆದೆ. ಆ ಮೆದೆಯಿಂದ ಹೊಗೆ ಎದ್ದಿತು. ಆಮೇಲೆ ಬೆಂಕಿ!

ಗವಿಯ ಕಂಡ. ಕೈ ಸೈರನ್ನಿನ ಗುಂಡಿ ಹತ್ರ ಹೋಯ್ತು, ವಾಪಸ್ ಬಂತು. ಎದ್ದು ಓಡಿದ.

"ಅವ್ವಾ! ಏಳವ್ವಾ! ಬಂದು ನೋಡವ್ವಾ!"

"ಏನ್ಲಾ, ಕಣ್ಣು ಮುಚ್ಚಕ್ಕೂ ಬಿಡಲ್ವಲ್ಲಾ!"

"ನೀನೇ ನೋಡಿ ಹೇಳ್ಬೇಕು, ಬಾ!" ಅಂತ ಅವ್ವನ ಕೈ ಹಿಡಿದು ದರದರ ಎಳೆದ. ಅವ್ವ ಅರಚಿದಳು. ಅರಚಾಟಕ್ಕೆ ಹತ್ತು ಹೆಂಗಸರೂ ಎದ್ದರು. "ಹೆತ್ತೋರನ್ನ ಹಿಂಗಾ ಎಳೆಯೋದು!" ಅಂತ ಪೊರಕೆ ಹಿಡಿದು ಗವಿಯನ ಹಿಂದೆ ಓಡಿದರು. ಕೊನೆಯವಳು ಕಾಲು ಆಚೆ ಇಟ್ಟಳೋ ಇಲ್ಲವೋ, ಕೊಟ್ಟಿಗೆ ಸೂರು ಭಗ್ ಅಂತ ಹತ್ತಿಕೊಂಡಿತು.

"ಅದು ಬೆಂಕೀನೇನವ್ವಾ?" ಅಂದ ಗವಿಯ.

"ಬೆಂಕೀನೇ ಕಣ್ಲಾ! ಹೋಗ್ಲಾ! ಸೈರನ್ ಹೊಡೀಲಾ!"

ಇಷ್ಟು ದಿನ ಎಲ್ಲರೂ ಒತ್ತು ಅಂದಿದ್ದರು. ಅವ್ವ ಹೊಡಿ ಅಂದಳು. ಗವಿಯ ಒಂದು ಕಬ್ಬಿಣದ ಸಲಾಕಿ ತಗೊಂಡು ಸೈರನ್ನಿನ ತಗಡು ಬಾಯಿಗೆ ಬಾರಿಸಿದ ನೋಡಿ, ಢಣ್ ಢಣ್ ಢಣಾರ್! ಊರೆಲ್ಲ ಓಡಿಬಂತು. ಬಿಂದಿಗೆ, ಕೊಡಪಾನ, ಬೋಸಿ, ಕೈಗೆ ಸಿಕ್ಕಿದ್ದರಲ್ಲಿ ನೀರು. ಸೆಕ್ರೆಟರಿ ಫೋನ್ ಮಾಡಿದ, ಕೆಂಪು ಗಾಡಿಯೂ ಬಂತು. ಬೆಂಕಿ ಪಕ್ಕದ ಮೆದೆಗೆ ಹಾರೋ ಮುಂಚೆ ಆರಿಹೋಯ್ತು. ಕೊಟ್ಟಿಗೆ ಹೋಯ್ತು, ಜೀವ ಹನ್ನೊಂದೂ ಉಳಿದವು.

ಸೆಕ್ರೆಟರಿ ಬಂದು ಸೈರನ್ನಿನ ಗುಂಡಿ ಒತ್ತಿ ನೋಡಿದ. ಸದ್ದಿಲ್ಲ. ಬೆಳಿಗ್ಗೆಯಿಂದ ಕರೆಂಟೇ ಇರಲಿಲ್ಲ! ಗವಿಯ ಗುಂಡಿ ಒತ್ತಿಕೊಂಡು ಕೂತಿದ್ದರೆ ಏನಾಗ್ತಿತ್ತು! ಹೆಂಗಸರು ಪೊರಕೆ ಬಿಸಾಕಿ ಗವಿಯನ ಕೆನ್ನೆ ಸವರಿ ಲಟಿಕೆ ಮುರಿದರು. ದ್ಯಾವೀರಮ್ಮ ಮಗನ ತಲೆ ನೇವರಿಸಿದಳು.

ಹೊತ್ತಿಳಿಯೋ ಹೊತ್ತಿಗೆ ಕೆಂಪು ಗಾಡಿ ಹೊರಟಿತು. ಜನ ಮನೆಗೆ ಹೋದರು. ಅಷ್ಟರಲ್ಲೇ ಕರೆಂಟು ಬಂತು. ಆಚೆಕೇರಿಯವರು ಇನ್ನೂ ಗಾಬರೀಲಿದ್ದಾರೆ ಅಂತ ಯಾರೋ ಬಂದು ಹೇಳಿದರು. ಅವ್ವ ಅಂದಳು: "ಹೋಗ್ ಮಗಾ, ಬೆಂಕಿ ಇಲ್ಲ, ಹೆದರಬ್ಯಾಡಿ ಅಂತ ಊರಿಗೆಲ್ಲ ತಿಳ್ಸು."

ಗವಿಯ ಯೋಚನೆ ಮಾಡಿದ. ಊರಿಗೆಲ್ಲ ಒಂದೇ ಸಲಕ್ಕೆ ಕೇಳೋದು ಯಾವುದು?

ಊಊಊಊ!

ಮತ್ತೆ ಬಿಂದಿಗೆ! ಮತ್ತೆ ಓಟ! ಆಚೆಕೇರಿ ಬಂತು, ಈಚೆಕೇರಿ ಬಂತು, ಪಕ್ಕದ ಎರಡು ಹಳ್ಳಿ ಬಂತು. ಅರ್ಧ ದಾರಿ ಹೋಗಿದ್ದ ಕೆಂಪು ಗಾಡಿ ಗರಗರ ತಿರುಗಿ ಬಂತು. ಆಫೀಸರು ಚಂಗನೆ ಹಾರಿ ಇಳಿದರು.

"ಎಲ್ಲೋ ಬೆಂಕಿ?"

"ಎಲ್ಲೂ ಇಲ್ಲ ಸಾಮಿ! ಅದನ್ನ ಹೇಳಕ್ಕೇ ಎಲ್ಲಾರ್ನೂ ಕರೆದಿದ್ದು!"

ಸೆಕ್ರೆಟರಿ ರಿಜಿಸ್ಟರು ತೆಗೆದ. "ಮೂರನೇ ಸಲ... ಸುಳ್ಳು ಸೈರನ್ನು..." ಅಂತ ಬರೆಯೋಕೆ ಹೊರಟ.

ಆಫೀಸರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಮೈದಾನ ನೋಡಿದರು, ಹನ್ನೊಂದು ಹೆಂಗಸರನ್ನ ನೋಡಿದರು.

"ಏನ್ರೀ ಸೆಕ್ರೆಟರಿ, ಬೆಂಕಿ ಇಲ್ಲ ಅಂತ ತಿಳ್ಸೋಕೆ ಒತ್ತಿದ. ಬೆಂಕಿ ಇಲ್ಲ. ಇದರಲ್ಲಿ ಸುಳ್ಳೆಲ್ಲಿ ಬಂತ್ರೀ?"

ಸೆಕ್ರೆಟರಿ ಪೆನ್ನಿನ ಮುಚ್ಚಳ ಹಾಕಿದ. ಜನ ನಗೋಕೆ ಶುರು ಮಾಡಿದರು. ದ್ಯಾವೀರಮ್ಮ ಹೊಟ್ಟೆ ಹಿಡ್ಕೊಂಡು ನಗ್ತಾ ನಗ್ತಾ ನೆಲಕ್ಕೇ ಕೂತಳು. "ಸಾಕು ನಿಲ್ಸ್ರಪ್ಪಾ!" ಅಂದಳು.

ನಗು ನಿಲ್ಲಿಸಿ ಅಂತ ಅವ್ವ ಹೇಳಿದ್ದು ಊರಿಗೆ. ಏನನ್ನ ನಿಲ್ಸಬೇಕು ಅಂತ ಹೇಳಲಿಲ್ಲವಲ್ಲ! ಗವಿಯ ಸೀದಾ ರಸ್ತೆಗೆ ಹೋಗಿ, ಎರಡೂ ಕೈ ಅಗಲಿಸಿ, ಬರ್ತಿದ್ದ ಸಂಜೆ ಬಸ್ಸು ನಿಲ್ಲಿಸಿದ.